ಇನ್ನೂ ಇಪ್ಪತ್ತೊಂಬತ್ತು ದಿನ

ನಿನ್ನೆ ರಾತ್ರಿ ಜೋಕುಮಾರ ಸತ್ತ.
ಮುಂಜಾನೆ ಅಂಬಿಗರ ಶಿವಗಂಗಿ
ಅವನ ಗಳಿಕಿ ಹೊತ್ತು ಗಿರಣಿಗೆ ಬಂದಳು:
ಏಳು ದಿನದ ಜೋಳ, ಎಷ್ಟೋ ಮನಿಯದು, ಒಂದ ಚೀಲದಾಗ,
ಬಿಳಿದು, ಕೆಂಪಂದು, ನಡುವ ಒಣಗಿದ ಬೇವಿನೆಲಿ.
'ಸಣ್ಣಗ ಮಾಡಬ್ಯಾಡವಾ, ನುಚ್ಚಿಗಿ' ಅಂದಳು.
ಸತ್ತವನ ಸುದ್ದಿ ಇಬ್ಬರೂ ತಗೀಲಿಲ್ಲ.
ಕಲ್ಲು ಸಡಲಿಸಿ, ಬಟನ್ ಒತ್ತಿ
ಬೆರಳ ಗೆಣ್ಣಿನ ಮ್ಯಾಲ ಎಣಿಸಿದೆ:
ಸೀಗಿ ಹುಣ್ಣಿಮಿಗೆ ಇನ್ನೂ ಇಪ್ಪತ್ತೊಂಬತ್ತು.

ಬಾಗಲಕೋಟಿ ನವನಗರದಾಗ
ಯಾವ ಕಾಲ ಬಂತೋ ಹೋತೋ ತಿಳಿಯಂಗಿಲ್ಲ ಅಂತಾರ.
ಸೆಕ್ಟರಿಗೆ ನಂಬರ್, ಓಣಿಗೆ ನಂಬರ್,
ಗಿಡಕ್ಕೂ ಸುಣ್ಣದಾಗ ನಂಬರ್ ಬರದಾರ.
ನನಗ ತಿಳಿತೈತಿ.
ಗಿರಣಿ ಬಾಯಿಗೆ ಬಿದ್ದದ್ದ ನನ್ನ ಪಂಚಾಂಗ.
ಗೋದಿ ಹೆಚ್ಚಾತಂದ್ರ ಮಾನಮಿ ಅಮಾಸಿ ಸನೇದಾಗೈತಿ,
ಕಡ್ಲಿಬ್ಯಾಳಿ ಅಂದ್ರ ದೀಪಾವಳಿ,
ಅದರ ನಡುವ, ನಾಕ ದಿನ, ಸಜ್ಜಿ.
ಆ ಬೂದಿಬಣ್ಣದ ಬಿಸಿ ಹಿಟ್ಟಿನ ಘಮ
ಮೂಗಿಗೆ ಬಡದರ ಸಾಕು, ಹಸಿವು.
ಐವತ್ತೆರಡರಾಕಿಯ ಹಸಿವಲ್ಲ ಅದು,
ಬಂಡಿಯಾಗ ಬುತ್ತಿ ಮ್ಯಾಲ ಕೈಯಿಟ್ಟು ಕುಂತ ಹುಡಿಗೀದು.

ಮದ್ಲ ಘಟ್ಟ ಬರಲಿ.
ಪತ್ರೋಳಿ ಮ್ಯಾಲ ಎರಿಮಣ್ಣು, ಮಣ್ಣಾಗ ಗೋದಿ.
ಮಣ್ಣು ಡಬ್ಬಿಯಾಗ ಕಾದೈತಿ.
ಬ್ಯಾಸಗ್ಯಾಗ ಹಿನ್ನೀರು ಸರದಾಗ
ನಮ್ಮ ತೆಗ್ಗಿನ ಹೊಲ ಹದಿನೈದು ದಿನ ಮಾರಿ ತೋರಸತೈತಿ,
ಬಿರುಕು ಬಿಟ್ಟು, ಶಂಖದಹುಳದ ಚಿಪ್ಪು ತುಂಬಿ.
ಆಗ ಹೋಗಿ ತಂದದ್ದು, ಮುಚ್ಚಳ ಬಿಗಿ ಮಾಡಿ.
ಜಗಲಿ ಕೆಳಗಿನ ಕತ್ತಲದಾಗ
ಬೆಳ್ಳಗ ಹಳದಿ ಸಸಿ ಏಳತಾವು,
ಅದನ್ನ ಟೋಪಿಗೆ ಸಿಗಿಸಿ ಬನ್ನಿ ಕೊಡಲಿಕ್ಕೆ ಹೊಂಟರ
ಕರೆಂಟಿನ ಕಂಬ ಹತ್ತೂ ನನ್ನ ಗಂಡ
ಜುಟ್ಟಿನ ಹಕ್ಕಿಯಂಗ ಕಾಣತಾನ.

ದೀಪಾವಳಿಗೆ ಶಗಣಿ ಪಾಂಡವರು.
ಎಮ್ಮಿ ದಾವಲಬಿಯವು.
ಪುಟ್ಟಿ ತುಂಬ ಶಗಣಿ ಕೊಟ್ಟು ವರ್ಷಾ ಕೇಳತಾಳ:
'ಈ ಸರ್ತಿ ಎಷ್ಟು ಮಂದೀನ ಹಡೀತಿ?'
ಐದು ಮಂದಿ, ಅವರವ್ವ, ತಲಿಗೆ ಉತ್ತರಾಣಿ, ಹೊನ್ನಂಬರಿ.
ಟೈಲ್ಸಿಗೆ ಕಲಿ ಬೀಳತೈತಿ. ಬೀಳಲಿ.
ನೀರು ತುಂಬೂ ಹಬ್ಬದ ಸಂಜಿ ಮಾತ್ರ
ಗಂಡಾ ಹೆಂಡತಿ ಮಾರಿ ಮಾರಿ ನೋಡಿ ನಗತೇವಿ.
ನಮ್ಮದು ಎಂದೋ ತುಂಬೇತಿ,
ನಾಕ ಎಕರೆ, ಬಾವಿ, ಬದುವಿನ ಬನ್ನಿಗಿಡ ಸಹಿತ.

ಹೊಲ ಮುಳುಗಿದ ವರ್ಷ
ಸೀಗಿ ಬ್ಯಾಡ ಅಂದಿದ್ದೆ. ಎಲ್ಲಿ ಚೆಲ್ಲೂದು ಚರಗ?
ಅತ್ತಿ ನಿಂಬೆವ್ವ ಮಾತಾಡಲಿಲ್ಲ.
ಪುಂಡಿಪಲ್ಯ, ಸಜ್ಜಿ ಕಡಬು, ಎಣ್ಣಿಗಾಯಿ ಕಟ್ಟಿಕೊಂಡು
ಹಳೇ ಡಾಂಬರ ರಸ್ತೆ ಇಳದಿಳದು
ನೀರಾಗ ಹೋಗೂ ತಾವ ನಿಂತು
ನಮ್ಮ ಹೊಲದ ದಿಕ್ಕಿಗೆ ಕೂಗಿ ಚೆಲ್ಲಿದಳು.
ಮೀನು ಬಾಯಿ ತಗದು ಎದ್ದು ಬಂದವು.
ತೆಪ್ಪದ ಮ್ಯಾಲಿನ ಹುಡುಗೂರು ನಕ್ಕವು.
'ಬಸರಿ ಹೆಂಗಸು ಎಲ್ಲಿದ್ದರೂ ಬಸರೀನ' ಅಂದಳು ಅತ್ತಿ,
'ಊಟ ನಾವ ಒಯ್ಯಬೇಕು.'

ಅತ್ತಿ ಹೋಗಿ ಮೂರು ವರ್ಷ.
ಕಡಬು ನನಗ ಬರತಾವು, ಹೋಳಿಗಿ ಬರತಾವು,
ಕೂಗು ಬರಂಗಿಲ್ಲ.
ನೀರಿನ ಮುಂದ ನಿಂತರ ಗಂಟಲಾಗ ಕಾಳು ಸಿಕ್ಕಂಗ.
ಎರಡು ಸರ್ತಿ ಸುಮ್ಮನ ಚೆಲ್ಲಿ ಬಂದೀನಿ,
ಕಳ್ಳತನದಾಗ ಕೊಟ್ಟಂಗ.

ಅದಕ್ಕ ಈಗ, ಮೋಟರಿನ ಗದ್ದಲದಾಗ,
ಯಾರಿಗೂ ಕೇಳಂಗಿಲ್ಲ ಅಂತ,
ಜೋಕುಮಾರನ ಜೋಳ ನುಚ್ಚಾಗಿ ಇಳಿಯೂದು ನೋಡಕೋತ
ದಿನಾ ರೂಢಿ ಮಾಡತೀನಿ. ಇಂದೂ ಮಾಡಿದೆ.
ಮದ್ಲ ಮೆಲ್ಲಕ. ಆಮ್ಯಾಲ ಜೋರ.
ಇನ್ನೂ ಜೋರ,
ಹೊಟ್ಟಿಯಿಂದ

'ಹುಲ್ಲುಲ್ಲಿಗ್ಯೋ...'

ಕರೆಂಟ್ ಹೋತು.

ಬೆಲ್ಟ್ ಸಾವಕಾಶ ನಿಂತಿತು.
ಕೂಗು ನಿಲ್ಲಲಿಲ್ಲ, ಅಷ್ಟರಾಗ ಅದು
ಶಟರ್ ದಾಟಿ, ಓಣಿ ದಾಟಿ
ಮೊಬೈಲ್ ಅಂಗಡಿ ಹುಡುಗನ ತಲಿ ಎತ್ತಿಸಿತ್ತು.
ಹಿಟ್ಟು ಬಡದ ಮಾರಿ ಸೆರಗಿನಾಗ ಮುಚ್ಚಿಕೊಂಡೆ.

ಚೀಲದ ಮ್ಯಾಲ ಕುಂತಿದ್ದ ಶಿವಗಂಗಿ
ಬಾಯಾಗಿನ ಎಲಿ ಒಂದು ದವಡಿಗೆ ಸರಿಸಿ
ನಕ್ಕಳೋ ಇಲ್ಲೋ, ಕತ್ತಲದಾಗ ಕಾಣಲಿಲ್ಲ,

'ಸಲಾಂಬ್ರಿಗ್ಯೋ' ಅಂದಳು.